ಡೋಲು ಸುಟ್ಟವನ ಊರು

ಜರ್ಮನಿಯ ಭೂಪಟ ಬಿಚ್ಚಿ ವೆರ್ಬಾಖ್ ಎಲ್ಲಿದೆ ಅಂತ ಹುಡುಕಿದರೆ ಬೇಗ ಸಿಗುವುದಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಈಶಾನ್ಯ ಮೂಲೆಯಲ್ಲಿ ಟೌಬರ್ ಅನ್ನೋ ಸಣ್ಣ ಹೊಳೆಯೊಂದು ಹರಿಯುತ್ತದೆ. ಮುಂದೆ ವೆರ್ಟ್‌ಹೈಮ್ ಪಟ್ಟಣದಲ್ಲಿ ಅದು ಮೈನ್ ನದಿಗೆ ಸೇರುತ್ತದೆ. ಸೇರುವುದಕ್ಕೆ ಸ್ವಲ್ಪ ಮೊದಲು, ಹೊಳೆಯ ದಂಡೆಯಲ್ಲೂ ಪಕ್ಕದ ಕಣಿವೆಗಳಲ್ಲೂ ಆರು ಹಳ್ಳಿಗಳಿವೆ. ವೆರ್ಬಾಖ್, ವೆರ್ಬಾಖ್‌ಹೌಸೆನ್, ಬ್ರುಂಟಾಲ್, ವೆಂಕ್‌ಹೈಮ್, ಗಾಂಬುರ್ಗ್, ನಿಕ್ಲಾಸ್‌ಹೌಸೆನ್. 1970ರ ದಶಕದಲ್ಲಿ ಆಡಳಿತ ಸುಧಾರಣೆಯ ಹೆಸರಿನಲ್ಲಿ ಇವನ್ನೆಲ್ಲ ಒಂದೇ ಸ್ಥಳೀಯ ಆಡಳಿತಕ್ಕೆ ಸೇರಿಸಿದರು. ನಮ್ಮ ಲೆಕ್ಕದಲ್ಲಿ ಒಂದು ಗ್ರಾಮ ಪಂಚಾಯಿತಿ ಅನ್ನಿ. ಆರೂ ಹಳ್ಳಿ ಸೇರಿ ಜನಸಂಖ್ಯೆ ಮೂರು ಸಾವಿರದ ಚಿಲ್ಲರೆ.

ಈಗ ಅಲ್ಲಿಗೆ ಹೋಗುವವರು ಹೆಚ್ಚಾಗಿ ಸೈಕಲ್ ಪ್ರವಾಸಿಗಳು. ಹೊಳೆಯುದ್ದಕ್ಕೂ ಒಳ್ಳೆಯ ಸೈಕಲ್ ದಾರಿ ಇದೆ. ನೋಡುವುದಕ್ಕೆ ಏನೇನಿದೆ ಅಂತ ಕೇಳಿದರೆ ಗಾಂಬುರ್ಗಿನ ಕೋಟೆ, ವೆರ್ಬಾಖ್ ಹತ್ತಿರ ಒರತೆಯ ಪಕ್ಕದಲ್ಲಿರುವ ಮೇರಿಮಾತೆಯ ಪ್ರಾರ್ಥನಾ ಮಂದಿರ, ಹಳೇ ಚರ್ಚುಗಳು ಅಂತ ಹೇಳುತ್ತಾರೆ. ಹಾಗೆ ನೋಡಿದರೆ ಯೂರೋಪಿನ ಯಾವ ಹಳ್ಳಿಯಲ್ಲಿ ಇವಿಲ್ಲ? ಇಷ್ಟೇ ಆಗಿದ್ದರೆ ಈ ಊರಿನ ಮಾತು ನಮಗೂ ಬೇಕಿರಲಿಲ್ಲ, ನಿಮಗೂ ಬೇಕಿರಲಿಲ್ಲ. ಆದರೆ ಇದೇ ಆರು ಹಳ್ಳಿಗಳಲ್ಲಿ ಒಂದಾದ ನಿಕ್ಲಾಸ್‌ಹೌಸೆನ್ನಿನಲ್ಲಿ 1476ರಲ್ಲಿ ಒಬ್ಬ ಕುರಿಗಾಹಿ ಮೂರೂವರೆ ತಿಂಗಳು ಮಾತಾಡಿದ. ಆ ಮಾತಿಗೆ ಅವನನ್ನು ಸುಟ್ಟರು. ಅವನು ನಿಂತಿದ್ದ ಚರ್ಚನ್ನೂ ಕೆಡವಿದರು.

ಮೊದಲು ಕೋಟೆಯ ವಿಷಯ ಮುಗಿಸೋಣ. ಅದು ಹೇಗೂ ಎತ್ತರದಲ್ಲಿದೆ, ಬೇಡ ಅಂದರೂ ಕಣ್ಣಿಗೆ ಬೀಳುತ್ತದೆ. ಗಾಂಬುರ್ಗ್ ಕೋಟೆ 12ನೇ ಶತಮಾನದ್ದು. ಮೈಂಟ್ಸ್‌ನ ಆರ್ಚ್‌ಬಿಷಪ್‌ನ ಕೈಕೆಳಗಿನ ಧಣಿಗಳು ಅಲ್ಲಿದ್ದರು. ಆರ್ಚ್‌ಬಿಷಪ್ ಅಂದರೆ ಬರೀ ಪಾದ್ರಿಗಳ ಮುಖ್ಯಸ್ಥ ಅಂತ ತಿಳಿಯಬೇಡಿ. ಆ ಕಾಲದ ಜರ್ಮನಿಯಲ್ಲಿ ದೊಡ್ಡ ಬಿಷಪ್ಪುಗಳಿಗೆ ಸೈನ್ಯ ಇತ್ತು, ಕೋಟೆ ಇತ್ತು, ಸೆರೆಮನೆ ಇತ್ತು, ಕಂದಾಯ ವಸೂಲಿ ಮಾಡುವ ಆಳುಗಳಿದ್ದರು. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ. ಗಾಂಬುರ್ಗಿನ ಧಣಿ ಬೆರಿಂಗರ್ ಎಂಬುವನು ಚಕ್ರವರ್ತಿ ಬಾರ್ಬರೋಸಾನ ಜೊತೆ ಮೂರನೇ ಕ್ರುಸೇಡ್ ಯುದ್ಧಕ್ಕೆ ಹೋಗಿದ್ದ. ಆ ಯುದ್ಧಯಾತ್ರೆಯ ದಾರಿಯಲ್ಲೇ 1190ರಲ್ಲಿ ಚಕ್ರವರ್ತಿ ಹೊಳೆಯಲ್ಲಿ ಮುಳುಗಿ ಸತ್ತ. ಧಣಿಗಳು ಆ ಯುದ್ಧದ ಚಿತ್ರಗಳನ್ನು ತಮ್ಮ ದರ್ಬಾರು ಮನೆಯ ಗೋಡೆ ಮೇಲೆ ಬರೆಸಿಕೊಂಡರು. ಕಾಲಾಂತರದಲ್ಲಿ ಚಿತ್ರಗಳು ಸುಣ್ಣದ ಗಾರೆಯಡಿ ಮುಚ್ಚಿಹೋದವು. 1986ರಲ್ಲಿ ಮತ್ತೆ ಬೆಳಕಿಗೆ ಬಂದವು. ಆಲ್ಪ್ಸ್ ಪರ್ವತದ ಉತ್ತರಕ್ಕೆ ಸಿಕ್ಕಿರುವ, ಧರ್ಮಕ್ಕೆ ಸಂಬಂಧಪಡದ ಗೋಡೆಚಿತ್ರಗಳಲ್ಲಿ ಇವು ತುಂಬ ಹಳೆಯವು ಅಂತ ವಿದ್ವಾಂಸರು ಸಂತೋಷಪಟ್ಟರು. ಕೋಟೆ ಈಗಲೂ ಖಾಸಗಿಯವರ ಆಸ್ತಿ. ಪ್ರವಾಸಿಗಳಿಗೆ ತೋರಿಸುತ್ತಾರೆ.

ಸಂತೋಷಪಡಲಿ, ನಮ್ಮ ತಕರಾರಿಲ್ಲ. ಚಿತ್ರ ಚೆನ್ನಾಗಿದ್ದರೆ ಚೆನ್ನಾಗಿದೆ. ಆದರೆ ಒಂದು ಮಾತು ಗಮನಿಸಿ. ಕುದುರೆ ಏರಿ ಪರದೇಶಕ್ಕೆ ಹೋಗಿ ಹೊಡೆದಾಡಿ ಬಂದವನಿಗೆ ತನ್ನ ಕಥೆಯನ್ನು ತನ್ನ ಗೋಡೆಯ ಮೇಲೆ, ತನಗೆ ಬೇಕಾದ ಬಣ್ಣದಲ್ಲಿ ಬರೆಸಿಕೊಳ್ಳುವ ಯೋಗ ಇತ್ತು. ಅದೇ ಹೊಳೆಯ ದಂಡೆಯಲ್ಲಿ ಕುರಿ ಕಾಯುತ್ತಿದ್ದವನ ಕಥೆಯನ್ನು ಯಾರು ಬರೆದರು ಗೊತ್ತೆ? ಅವನನ್ನು ಸುಟ್ಟವರು.

ಅವನ ಹೆಸರು ಹಾನ್ಸ್ ಬೋಮ್. ಕುರಿ ಕಾಯುವುದು ಕಸುಬು. ಹಬ್ಬಹರಿದಿನಗಳಲ್ಲಿ, ಹೆಂಡದಂಗಡಿಗಳಲ್ಲಿ ಡೋಲು ಬಡಿದು, ಕೊಳಲೂದಿ ಜನರನ್ನು ಕುಣಿಸುವುದು ಮೇಲುಸಂಪಾದನೆ. ಆ ಕಾಲದ ಜರ್ಮನಿಯಲ್ಲಿ ಈ ಎರಡು ಕಸುಬಿಗೂ ಮರ್ಯಾದೆ ಇರಲಿಲ್ಲ. ಮರ್ಯಾದೆ ಇರಲಿಲ್ಲ ಅನ್ನುವುದು ನಮ್ಮ ಅಲಂಕಾರದ ಮಾತಲ್ಲ, ಅದು ಅಲ್ಲಿನ ಕಟ್ಟಳೆ. ಕೆಲವು ಕಸುಬಿನವರನ್ನು 'ಮಾನವಿಲ್ಲದವರು' ಅಂತ ಪ್ರತ್ಯೇಕಿಸಿ ಇಟ್ಟಿದ್ದರು. ಗಲ್ಲಿಗೇರಿಸುವವನು, ಸತ್ತ ದನದ ಚರ್ಮ ಸುಲಿಯುವವನು ಇವರಲ್ಲಿ ಎಲ್ಲರಿಗಿಂತ ಕೆಳಗೆ. ಇವರನ್ನು ಮುಟ್ಟಿದರೂ ಮಾನ ಹೋಗುತ್ತದೆ ಅನ್ನುವ ನಂಬಿಕೆ. ಅವರ ಮೇಲೆ ಕುರಿಗಾಹಿ, ನಾರುಬಟ್ಟೆ ನೇಯುವವನು, ಹಿಟ್ಟಿನ ಗಿರಣಿಯವನು, ಕ್ಷೌರಿಕ, ಸ್ನಾನದ ಮನೆಯವನು, ಊದುವವನು, ಬಡಿಯುವವನು. ಇಂಥವರ ಮಕ್ಕಳನ್ನು ಪಟ್ಟಣಗಳ ಕುಶಲಕರ್ಮಿ ಸಂಘಗಳು ಕೆಲಸ ಕಲಿಯಲು ಸೇರಿಸಿಕೊಳ್ಳುತ್ತಿರಲಿಲ್ಲ. 1548ರಲ್ಲಿ ಸಾಮ್ರಾಜ್ಯದ ಸಭೆ ಒಂದು ಕಾಯಿದೆ ಮಾಡಿ, ನೇಕಾರರು, ಕ್ಷೌರಿಕರು, ಕುರಿಗಾಹಿಗಳು, ಗಿರಣಿಯವರು, ಕೊಳಲೂದುವವರು ಮೊದಲಾದವರ ಮಕ್ಕಳನ್ನು ಸಂಘಗಳು ಸೇರಿಸಿಕೊಳ್ಳಬೇಕು ಅಂತ ಹೇಳಬೇಕಾಯಿತು. ಹಾನ್ಸ್ ಸತ್ತು 72 ವರ್ಷವಾದ ಮೇಲೆ! ಆ ಕಾಯಿದೆಯನ್ನು ಸಂಘಗಳು ಎಷ್ಟು ಪಾಲಿಸಿದವು ಅನ್ನುವುದಕ್ಕೆ, ಅದನ್ನೇ ಮತ್ತೆ 1577ರಲ್ಲೂ ಹೇಳಬೇಕಾಗಿ ಬಂದದ್ದೇ ಸಾಕ್ಷಿ. ಕಾಯಿದೆಗೂ ಕೇರಿಗೂ ಇರುವ ದೂರ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಕ್ಲಾಸ್‌ಹೌಸೆನ್ನಿನ ಚರ್ಚಿನಲ್ಲಿ ಮೇರಿಮಾತೆಯ ವಿಗ್ರಹವೊಂದಿತ್ತು. ಜನ ಮೊದಲಿನಿಂದಲೂ ಹರಕೆ ಹೊತ್ತು ಬರುತ್ತಿದ್ದರು. 1476ರ ಮಾರ್ಚ್ 24, ಭಾನುವಾರ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಹಾನ್ಸ್ ಆ ಚರ್ಚಿನ ಎದುರು ಬೆಂಕಿ ಹಾಕಿ ತನ್ನ ಡೋಲನ್ನು ಅದಕ್ಕೆ ಎಸೆದ. ಮೇರಿಮಾತೆ ನನಗೆ ಕಾಣಿಸಿಕೊಂಡಳು, ಇಷ್ಟು ದಿನ ಜನರನ್ನು ಕುಣಿಸಿದ್ದು ಸಾಕು, ಇನ್ನು ಮೇಲೆ ಈ ಮಾತು ಹೇಳು ಅಂದಳು ಅಂತ ಶುರುಮಾಡಿದ.

ಶುರುವಿನಲ್ಲಿ ಮಾತು ಮೆತ್ತಗೇ ಇತ್ತು. ಪಾಪ ಬಿಡಿ, ಒಡವೆ ವಸ್ತ್ರ ಬಿಡಿ, ಚೂಪು ಮೂತಿಯ ಶೋಕಿ ಚಡಾವು ಬಿಡಿ. ಜನ ಬಂದರು, ಒಡವೆ ಬಿಚ್ಚಿಟ್ಟರು, ಉದ್ದ ಕೂದಲು ಕತ್ತರಿಸಿ ಹಾಕಿದರು. ಇಲ್ಲಿಯವರೆಗೆ ಯಾವ ಬಿಷಪ್‌ಗೂ ತೊಂದರೆ ಇಲ್ಲ. ಬಡವನಿಗೆ ಆಸೆ ಬಿಡು ಅಂತ ಹೇಳುವ ಸಾಧುವನ್ನು ಯಾವ ಧಣಿ ತಾನೇ ಬೇಡ ಅಂದಾನು? ಆಮೇಲೆ ಮಾತು ತಿರುಗಿತು.

ವುರ್ಟ್ಸ್‌ಬರ್ಗಿನ ಬಿಷಪ್ ರುಡಾಲ್ಫ್ ಫಾನ್ ಶೆರೆನ್‌ಬರ್ಗ್ ತನ್ನ ಕಡೆಯವರನ್ನು ಗುಂಪಿನೊಳಗೆ ಕಳಿಸಿದ. ಅವರು ಕೇಳಿಸಿಕೊಂಡು ಬಂದು ಬರೆಸಿದ ಪಟ್ಟಿ ಉಳಿದಿದೆ. ಅವರ ಪ್ರಕಾರ ಅವನು ಹೇಳಿದ್ದಿಷ್ಟು. ಚಕ್ರವರ್ತಿ ದುಷ್ಟ, ಪೋಪ್ ಕೂಡ ಪ್ರಯೋಜನವಿಲ್ಲ. ಸುಂಕ, ತೆರಿಗೆ, ಬಿಟ್ಟಿ ದುಡಿಮೆ ಎಲ್ಲ ಚಕ್ರವರ್ತಿ ಧಣಿಗಳಿಗೆ ಬರೆದುಕೊಟ್ಟದ್ದರಿಂದ ಬಂದವು. ಹೊಳೆಯ ಮೀನು, ಕಾಡಿನ ಬೇಟೆ, ಸೌದೆ, ಹುಲ್ಲುಗಾವಲು ಎಲ್ಲರಿಗೂ ಸೇರಬೇಕು. ಪಾದ್ರಿಗಳು ಒಬ್ಬೊಬ್ಬರೇ ಹಲವು ಚರ್ಚುಗಳ ವರಮಾನ ಇಟ್ಟುಕೊಂಡಿದ್ದಾರೆ, ಅದು ಸಲ್ಲದು. ಮುಂದೊಂದು ದಿನ ಪಾದ್ರಿಗಳು ತಾವು ಪಾದ್ರಿಗಳೆಂದು ಗೊತ್ತಾಗಬಾರದೆಂದು ಬೋಳಿಸಿದ ನೆತ್ತಿಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಾರೆ. ರಾಜರೂ ಧಣಿಗಳೂ ದಿನಗೂಲಿಗೆ ದುಡಿಯುವ ಕಾಲ ಬರುತ್ತದೆ.

ರಾಜ ದಿನಗೂಲಿಗೆ ದುಡಿಯಬೇಕು. 1476ರಲ್ಲಿ ಈ ಮಾತು! ಇದರ ತೂಕ ತಿಳಿಯಬೇಕಾದರೆ ಅಲ್ಲಿಯ ರೈತ ಏನೇನು ಕೊಡುತ್ತಿದ್ದ ಅಂತ ತಿಳಿಯಬೇಕು. ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಗೇಣಿ ಧಣಿಗೆ. ವರ್ಷದಲ್ಲಿ ಇಷ್ಟು ದಿನ ಅಂತ ಧಣಿಯ ಹೊಲದಲ್ಲಿ ಬಿಟ್ಟಿ. ದಾರಿಗೆ ಸುಂಕ, ಸೇತುವೆಗೆ ಸುಂಕ. ಜೀತಕ್ಕೊಳಪಟ್ಟ ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿರುವ ಒಳ್ಳೇ ದನವನ್ನು ಧಣಿ ಹೊಡೆದುಕೊಂಡು ಹೋಗುವ ಪದ್ಧತಿ ಆ ಸೀಮೆಗಳಲ್ಲಿತ್ತು. ಹೆಣ ಇನ್ನೂ ಮನೆಯಲ್ಲಿರುವಾಗಲೇ ದನದ ಲೆಕ್ಕ. ಊರ ಮುಂದೆ ಟೌಬರ್ ಹರಿಯುತ್ತದೆ, ಮೀನಿದೆ, ಹಿಡಿಯುವಂತಿಲ್ಲ. ಗುಡ್ಡದಲ್ಲಿ ಕಾಡಿದೆ, ಜಿಂಕೆ ಬಂದು ಪೈರು ತಿಂದರೆ ಹೊಡೆಯುವಂತಿಲ್ಲ. ಹೀಗಿರುವಾಗ ಹೊಳೆ ನಿಮ್ಮದು, ಕಾಡು ನಿಮ್ಮದು, ಇದು ನನ್ನ ಮಾತಲ್ಲ, ದೇವರ ತಾಯಿಯ ಮಾತು ಅಂತ ಒಬ್ಬ ಕುರಿಗಾಹಿ ಹೇಳಿದರೆ ಜನ ಬರದೆ ಇರುತ್ತಾರೆಯೆ?

ಬಂದರು. ಗರಡಿಯಲ್ಲಿ ಪೈಲ್ವಾನರನ್ನು ನೋಡಲು ಬರುವಂತೆ ಬರಲಿಲ್ಲ, ಇದ್ದ ಕೆಲಸ ಅಲ್ಲೇ ಬಿಟ್ಟು ಬಂದರು. ಕುಲುಮೆ ಬಿಟ್ಟು ಆಳು, ನೇಗಿಲು ಬಿಟ್ಟು ಒಕ್ಕಲಿಗ, ಕೈಯಲ್ಲಿ ಕುಡುಗೋಲು ಹಿಡಿದ ಹಾಗೇ ಹುಲ್ಲು ಕೊಯ್ಯುವ ಹೆಂಗಸರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಅಣ್ಣ, ಅಕ್ಕ ಅಂತ ಕರೆದರು. ಇದ್ದವರು ಇಲ್ಲದವರ ಜೊತೆ ಹಂಚಿಕೊಂಡು ಉಂಡರು. ಒಂದೇ ದಿನ ಮೂವತ್ತು ನಲವತ್ತು ಸಾವಿರ ಜನ ಸೇರಿದ್ದರು ಅಂತ ಆ ಕಾಲದವರು ಬರೆದಿದ್ದಾರೆ. ಹೆದರಿದವರ ಕಣ್ಣಿಗೆ ಗುಂಪು ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ, ಆ ಅಂಕಿಯನ್ನು ನಂಬಬೇಕಾಗಿಲ್ಲ. ಆದರೆ ಎಷ್ಟೋ ದೂರದ ನ್ಯೂರೆಂಬರ್ಗ್ ನಗರ ಸಭೆ, ನಮ್ಮ ಊರವರು ಯಾರೂ ನಿಕ್ಲಾಸ್‌ಹೌಸೆನ್ನಿಗೆ ಹೋಗಕೂಡದು ಅಂತ ಹುಕುಂ ಹೊರಡಿಸಿತು. ಆ ಹುಕುಂ ಸುಳ್ಳು ಹೇಳುವುದಿಲ್ಲ. ಜನ ಹೋಗದಿದ್ದರೆ ತಡೆಯುವ ಅಗತ್ಯ ಏನಿತ್ತು?

ಇಲ್ಲಿ ಇನ್ನೊಂದು ಮಾತು. ಇವನು ಓದು ಬಾರದವನು, ಪ್ರಾರ್ಥನೆಯನ್ನೇ ನೆಟ್ಟಗೆ ಹೇಳಲು ಬಾರದವನು, ಅರೆಹುಚ್ಚ ಅಂತ ಅವನ ವಿರೋಧಿಗಳು ಬರೆದರು. ಅಷ್ಟಕ್ಕೇ ಬಿಡಲಿಲ್ಲ. ಇವನ ಹಿಂದೆ ಯಾರೋ ಇದ್ದಾರೆ ಅಂದರು. ಒಬ್ಬ ಭಿಕ್ಷುಕ ಸನ್ಯಾಸಿ ಮರೆಯಲ್ಲಿ ನಿಂತು ಹೇಳಿಕೊಡುತ್ತಾನೆ ಅಂದರು. ಊರ ಪಾದ್ರಿ ಕಾಣಿಕೆಯ ಆಸೆಗೆ ಇವನನ್ನು ಎತ್ತಿಕಟ್ಟಿದ್ದಾನೆ ಅಂದರು. ಪಕ್ಕದ ಬೊಹೀಮಿಯಾದಲ್ಲಿ ಅದೇ ಶತಮಾನದಲ್ಲಿ ಚರ್ಚಿನ ವಿರುದ್ಧ ಎದ್ದಿದ್ದ ಹುಸ್ ಪಂಥದವರ ಕೈವಾಡ ಅಂದರು. ಈ ಚರ್ಚೆ ಚರಿತ್ರೆಕಾರರ ನಡುವೆ ಈಗಲೂ ಇದೆ. ಯಾರಾದರೂ ಹೇಳಿಕೊಟ್ಟಿರಲೂಬಹುದು. ಯಾರು ಯಾರಿಂದ ಕಲಿಯುವುದಿಲ್ಲ? ಬಿಷಪ್‌ಗೂ ಯಾರೋ ಹೇಳಿಕೊಟ್ಟೇ ಇರಬೇಕು. ಆದರೆ ಮೀನು ಹಿಡಿಯಲು ಬಿಡದ ಹೊಳೆಯ ದಂಡೆಯಲ್ಲಿ ದಿನಾ ಕುರಿ ಕಾಯುವವನಿಗೆ ಆ ಹೊಳೆ ಯಾರದು ಅಂತ ಕೇಳಲು ಗುರು ಬೇಕೆ? ಓದಿದವರಿಗೆ ಈ ಸಂಶಯ ಹೋಗುವುದೇ ಇಲ್ಲ. ದುಡಿಯುವವನು ಬಾಯಿ ಬಿಟ್ಟ ಕೂಡಲೇ, ಅವನ ಮಾತಿಗೆ ಉತ್ತರ ಹುಡುಕುವ ಬದಲು ಅವನ ಬೆನ್ನ ಹಿಂದೆ ಯಾರಿದ್ದಾರೆ ಅಂತ ಇಣುಕಿ ನೋಡುತ್ತಾರೆ.

ಜುಲೈ ತಿಂಗಳಲ್ಲಿ ಅವನು ಜನರಿಗೆ ಮುಂದಿನ ಸಲ ಗಂಡಸರು ಮಾತ್ರ ಬನ್ನಿ, ಆಯುಧ ತನ್ನಿ, ಹೆಂಗಸರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬನ್ನಿ ಅಂದನಂತೆ. ಇದೂ ಬಿಷಪ್‌ನ ಕಡೆಯವರು ಹೇಳಿದ್ದೇ. ನಿಜವೋ, ಹಿಡಿಯಲು ಕಟ್ಟಿದ ನೆಪವೋ, ಅಂತೂ ಆ ದಿನ ಬರುವುದಕ್ಕೆ ಬಿಡಲಿಲ್ಲ. ಜುಲೈ 12ರ ರಾತ್ರಿ ಬಿಷಪ್‌ನ ಕುದುರೆ ಸವಾರರು ಬಂದು ಮಲಗಿದ್ದವನನ್ನು ಎಳೆದುಕೊಂಡು ಹೋದರು. ವುರ್ಟ್ಸ್‌ಬರ್ಗಿನಲ್ಲಿ ಮೈನ್ ನದಿಯ ಆಚೆ ಗುಡ್ಡದ ಮೇಲಿರುವ ಬಿಷಪ್‌ನ ಕೋಟೆಯಲ್ಲಿ ಕೂಡಿಹಾಕಿದರು. ಆ ಗುಡ್ಡದ ಹೆಸರೂ ಮೇರಿಮಾತೆಯದೇ!

ಸುದ್ದಿ ತಿಳಿದ ಸಾವಿರಾರು ಜನ, 16,000 ಅಂತ ಹೇಳುವುದುಂಟು, ರಾತ್ರಿಯೆಲ್ಲ ನಡೆದು ವುರ್ಟ್ಸ್‌ಬರ್ಗಿಗೆ ಬಂದರು. ಕೈಯಲ್ಲಿ ಚರ್ಚಿನಿಂದ ತಂದ ದೊಡ್ಡ ದೊಡ್ಡ ಮೇಣದ ಬತ್ತಿಗಳು. ಮುಂದಾಳಾಗಿ ಬಂದವನು ಕುನ್ಸ್ ಫಾನ್ ಥುನ್‌ಫೆಲ್ಡ್ ಅನ್ನೋ ಒಬ್ಬ ಸಣ್ಣ ಜಹಗೀರುದಾರ. ಕೋಟೆಯಿಂದ ಮೊದಲು ಸಮಾಧಾನದ ಮಾತು ಬಂತು. ಆಮೇಲೆ ಫಿರಂಗಿ ಹಾರಿಸಿದರು. ಗುಂಡು ತಾಗಲಿಲ್ಲ, ದೇವರ ತಾಯಿ ಕಾಯುತ್ತಾಳೆ ಅಂತ ಜನ ಅಂದುಕೊಂಡರು. ಆಮೇಲೆ ಗುಂಪು ಚದುರಿ ಮನೆಯ ದಾರಿ ಹಿಡಿದಾಗ ಸವಾರರು ಹಿಂದಿನಿಂದ ಬಿದ್ದರು. ಕೆಲವರು ಸತ್ತರು, ಬಹಳ ಜನ ಸೆರೆಯಾದರು.

1476ರ ಜುಲೈ 19, ಶುಕ್ರವಾರ. ಇಬ್ಬರು ಸಂಗಡಿಗರ ತಲೆ ಕಡಿದ ಮೇಲೆ ಹಾನ್ಸ್ ಬೋಮ್‌ನನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಬೆಂಕಿ ಹತ್ತುವ ತನಕ ಅವನು ಜರ್ಮನ್ ಭಾಷೆಯಲ್ಲಿ ಮೇರಿಮಾತೆಯ ಹಾಡು ಹಾಡುತ್ತಿದ್ದನಂತೆ. ಚರ್ಚಿನ ಭಾಷೆ ಲ್ಯಾಟಿನ್, ಇವನಿಗೆ ಬರುತ್ತಿದ್ದದ್ದು ಆಡುಮಾತು. ಬೂದಿಯನ್ನೂ ಬಿಡಲಿಲ್ಲ, ಜನ ಹಣೆಗೆ ಇಟ್ಟುಕೊಂಡಾರು ಅಂತ ಮೈನ್ ನದಿಗೆ ಚೆಲ್ಲಿದರು.

ಆಮೇಲೂ ಜನ ನಿಕ್ಲಾಸ್‌ಹೌಸೆನ್ನಿಗೆ ಬರುವುದು ನಿಲ್ಲಲಿಲ್ಲ. ಚರ್ಚಿನಲ್ಲಿ ಪೂಜೆ ನಿಲ್ಲಿಸಿದರು, ಆದರೂ ಬಂದರು. ಕೊನೆಗೆ 1477ರಲ್ಲಿ ಮೈಂಟ್ಸ್‌ನ ಆರ್ಚ್‌ಬಿಷಪ್ ಚರ್ಚನ್ನೇ ಕೆಡವಿಸಿದ. ದೇವರ ಮನೆಯನ್ನು ದೇವರ ಏಜೆಂಟನೇ ಕೆಡವಿಸಿದ ಅಪರೂಪದ ಸಂಗತಿ ಇದು. ಕಾಣಿಕೆಯಾಗಿ ಬಂದಿದ್ದ ಸಂಪತ್ತನ್ನು ಮಾತ್ರ ಯಾರೂ ನದಿಗೆ ಚೆಲ್ಲಲಿಲ್ಲ. ಮೈಂಟ್ಸ್, ವುರ್ಟ್ಸ್‌ಬರ್ಗ್ ಮತ್ತು ಊರಿನ ಒಡೆಯನಾದ ವೆರ್ಟ್‌ಹೈಮಿನ ಕೌಂಟ್ ಹಂಚಿಕೊಂಡರು. ಬಡವರು ಬಿಚ್ಚಿಟ್ಟ ಒಡವೆ ಕೊನೆಗೆ ಸೇರಬೇಕಾದವರನ್ನೇ ಸೇರಿತು.

ಬಿಷಪ್ ರುಡಾಲ್ಫ್ 1495ರವರೆಗೂ ಬದುಕಿದ. ಸಾಲದಲ್ಲಿ ಮುಳುಗಿದ್ದ ಸಂಸ್ಥಾನವನ್ನು ಮೇಲೆತ್ತಿದ ಜಾಣ ಆಡಳಿತಗಾರ ಅಂತ ಚರಿತ್ರೆಯಲ್ಲಿ ಹೆಸರಿದೆ. ಆ ಸಾಲ ತೀರಿಸಿದ ಹಣ ಯಾರ ಹೊಲದಿಂದ ಬಂತು ಅನ್ನುವುದು ಆ ಹೊಗಳಿಕೆಯಲ್ಲಿ ಬರುವುದಿಲ್ಲ. ಅವನ ಸಮಾಧಿಯ ಶಿಲ್ಪ ಮಾಡಿದವನು ಟಿಲ್ಮನ್ ರಿಮೆನ್‌ಶ್ನೈಡರ್, ದೊಡ್ಡ ಕಲಾವಿದ. ಮುದಿ ಬಿಷಪ್‌ನ ಮುಖದ ಸುಕ್ಕುಗಳನ್ನು ಒಂದೂ ಬಿಡದೆ ಕೆತ್ತಿದ್ದಾನೆ. ಈ ಶಿಲ್ಪಿಯ ಕಥೆಯೂ ಇದೇ ಗುಡ್ಡಕ್ಕೆ ಬಂದು ಮುಟ್ಟುತ್ತದೆ. 1525ರಲ್ಲಿ ಜರ್ಮನಿಯ ರೈತರು ದೊಡ್ಡದಾಗಿ ದಂಗೆ ಎದ್ದರು. ಮೀನು, ಬೇಟೆ, ಸೌದೆ, ಬಿಟ್ಟಿ ದುಡಿಮೆ, ಸತ್ತವನ ಮನೆಯಿಂದ ಧಣಿ ಎತ್ತಿಕೊಳ್ಳುವ ಪಾಲು, ಅವರ ಹನ್ನೆರಡು ಬೇಡಿಕೆಗಳಲ್ಲಿ ಇವೆಲ್ಲ ಇದ್ದವು. ಟೌಬರ್ ಕಣಿವೆಯ ರೈತರೂ ಎದ್ದು ವುರ್ಟ್ಸ್‌ಬರ್ಗಿನ ಅದೇ ಕೋಟೆಗೆ ಮುತ್ತಿಗೆ ಹಾಕಿದರು. ನಗರಸಭೆ ರೈತರ ಮೇಲೆ ಆಯುಧ ಎತ್ತಲು ಒಪ್ಪಲಿಲ್ಲ. ಆ ಸಭೆಯಲ್ಲಿ ಈ ಶಿಲ್ಪಿಯೂ ಒಬ್ಬ ಸದಸ್ಯ. ಕೋಟೆ ಬೀಳಲಿಲ್ಲ. ಜೂನ್ 2ರಂದು ವೆರ್ಬಾಖ್‌ನಿಂದ ಹೊಳೆಯ ಮೇಲ್ಭಾಗದಲ್ಲಿರುವ ಕೋನಿಗ್ಸ್‌ಹೋಫೆನ್ ಬಳಿ ಧಣಿಗಳ ಸೈನ್ಯ ರೈತರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಂದಿತು. ಶಿಲ್ಪಿಯನ್ನು ಹಾನ್ಸ್ ಇದ್ದ ಅದೇ ಕೋಟೆಯಲ್ಲಿ ಸೆರೆಯಿಟ್ಟು ಚಿತ್ರಹಿಂಸೆ ಕೊಟ್ಟು ಆಸ್ತಿಯ ಬಹುಭಾಗ ಕಿತ್ತುಕೊಂಡರು.

ಹಾನ್ಸ್‌ನ ಚಿತ್ರ ಒಂದಿದೆ. 1493ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಹಾರ್ಟ್‌ಮನ್ ಶೆಡೆಲ್‌ನ ಲೋಕಚರಿತ್ರೆಯ ಪುಸ್ತಕದಲ್ಲಿ, ಮರದಚ್ಚಿನಲ್ಲಿ. ಕಿಟಕಿಯೊಂದರಿಂದ ಮಾತಾಡುತ್ತಿದ್ದಾನೆ, ಕೆಳಗೆ ಜನ. ಅದು ಅವನನ್ನು ಹೊಗಳಲು ಹಾಕಿದ ಚಿತ್ರ ಅಲ್ಲ, ಜನರನ್ನು ಕೆಡಿಸಿದವನು ಇವನು ಅಂತ ಎಚ್ಚರಿಸಲು ಹಾಕಿದ್ದು. 19ನೇ ಶತಮಾನದಲ್ಲಿ ವಿಲ್ಹೆಲ್ಮ್ ಜಿಮ್ಮರ್‌ಮನ್ ರೈತ ಯುದ್ಧದ ಚರಿತ್ರೆ ಬರೆಯುವಾಗ ಹಾನ್ಸ್‌ನನ್ನು ಹುಡುಕಿ ತೆಗೆದ. ಅದನ್ನು ಓದಿ ಎಂಗೆಲ್ಸ್ 1850ರಲ್ಲಿ ಬರೆದ. 1970ರಲ್ಲಿ ಫಾಸ್‌ಬಿಂಡರ್ ಟೆಲಿವಿಷನ್‌ಗೆ ಸಿನಿಮಾ ಮಾಡಿದ. ಇವರೆಲ್ಲರ ಮುಂದೆ ಇದ್ದದ್ದು ಶತ್ರುಗಳ ಬರಹವೇ. ಅದನ್ನು ತಿರುಗಿಸಿ ಓದಿದರು, ಅಷ್ಟೆ. ಗೂಢಚಾರ ಯಾವ ಮಾತಿಗೆ ಹೆಚ್ಚು ಸಿಟ್ಟಾಗಿದ್ದಾನೋ ಆ ಮಾತು ನಿಜವಾಗಿ ಆಡಿದ್ದೇ ಇರಬೇಕು ಅಂತ ನಾವೂ ಓದಬೇಕಾಗುತ್ತದೆ. ನಿಕ್ಲಾಸ್‌ಹೌಸೆನ್ನಿನಲ್ಲಿ ಆಮೇಲೆ ಮತ್ತೆ ಕಟ್ಟಿದ ಚರ್ಚು ಇದೆ, ಈಗ ಪ್ರಾಟೆಸ್ಟಂಟರದು. ಹಾನ್ಸ್‌ನ ನೆನಪಿಗೆ ಒಂದು ಸಣ್ಣ ಸಂಗ್ರಹಾಲಯವೂ ಇದೆ.

ಅವನನ್ನು ನಾವು ದೇವರು ಮಾಡಲು ಹೊರಟಿಲ್ಲ. ಆ ಪಟ್ಟಿಯಲ್ಲೇ ಇನ್ನೊಂದು ಮಾತಿದೆ. ಪಾದ್ರಿಗಳನ್ನು, ಪಂಡಿತರನ್ನು ತಿದ್ದುವುದಕ್ಕಿಂತ ಯೆಹೂದಿಗಳನ್ನು ತಿದ್ದುವುದು ಸುಲಭ ಅಂದನಂತೆ. ಬೈದದ್ದು ಪಾದ್ರಿಯನ್ನು, ನಿಜ. ಆದರೆ ಬೈಗುಳಕ್ಕೆ ಅಳತೆಗೋಲು ಮಾಡಿಕೊಂಡದ್ದು ಯೆಹೂದಿಯನ್ನು. ಎಲ್ಲರೂ ಅಣ್ಣತಮ್ಮಂದಿರು ಅಂದವನ ಬಾಯಲ್ಲೂ ಕೆಡುಕಿನ ಕೊನೆಯ ಮೆಟ್ಟಿಲಿನಲ್ಲಿ ನಿಲ್ಲಿಸಲು ಒಬ್ಬ ಬೇಕಾಗಿದ್ದ. ಇದೇ ಟೌಬರ್ ಕಣಿವೆಯ ರೊಟಿಂಗನ್ನಿನಲ್ಲಿ 1298ರಲ್ಲಿ ಸುಳ್ಳು ಅಪವಾದ ಹೊರಿಸಿ ಯೆಹೂದಿಗಳ ಕೊಲೆ ಶುರುವಾಗಿ ಇಡೀ ಸೀಮೆಗೆ ಹಬ್ಬಿತ್ತು.

ಆದ್ದರಿಂದ ಈ ಪಂಚಾಯಿತಿಯ ಕಥೆ ನಿಕ್ಲಾಸ್‌ಹೌಸೆನ್ನಿನಲ್ಲಿ ಮುಗಿಯುವುದಿಲ್ಲ, ವೆಂಕ್‌ಹೈಮಿಗೂ ಹೋಗಬೇಕು. ಪಟ್ಟಣಗಳಿಂದ ಓಡಿಸಿದ ಯೆಹೂದಿಗಳನ್ನು ಸಣ್ಣಪುಟ್ಟ ಧಣಿಗಳು ಹಳ್ಳಿಗಳಲ್ಲಿ ಇರಲು ಬಿಡುತ್ತಿದ್ದರು, ಕರುಣೆಯಿಂದಲ್ಲ, 'ರಕ್ಷಣೆಯ ಹಣ' ವಸೂಲಿ ಮಾಡಿಕೊಂಡು. ಹೀಗೆ ಹಳ್ಳಿಯ ಯೆಹೂದಿಗಳು ಬೆಳೆದರು. ದನದ ವ್ಯಾಪಾರ, ಬಟ್ಟೆ ಹೊತ್ತು ಮಾರುವುದು ಅಲ್ಲಿಯ ಹಳ್ಳಿ ಯೆಹೂದಿಗಳ ಸಾಮಾನ್ಯ ಜೀವನ. ಬಾಡೆನ್ ಸಂಸ್ಥಾನ ಅವರಿಗೆ ಪೂರ್ತಿ ಸಮಾನ ಹಕ್ಕು ಕೊಟ್ಟದ್ದು 1862ರಲ್ಲಿ. ವೆಂಕ್‌ಹೈಮಿನಲ್ಲಿ ಅವರ ಪ್ರಾರ್ಥನಾ ಮಂದಿರವಿತ್ತು. ಊರಾಚೆ ದೊಡ್ಡ ಸ್ಮಶಾನವಿತ್ತು, ಸುತ್ತಲ ಹಳ್ಳಿಗಳವರೂ ಅಲ್ಲಿಗೇ ಹೆಣ ತರುತ್ತಿದ್ದರು. ಹೀಬ್ರೂ ಅಕ್ಷರದ ಕಲ್ಲುಗಳು ಈಗಲೂ ಅಲ್ಲಿ ನಿಂತಿವೆ.

ಸಮಾನ ಹಕ್ಕಿನ ಆಯಸ್ಸು ಎಪ್ಪತ್ತೊಂದು ವರ್ಷ. 1933ರಲ್ಲಿ ಹಿಟ್ಲರ್ ಬಂದ. 1940ರ ಅಕ್ಟೋಬರ್ 22ರಂದು ಬಾಡೆನ್ನಿನಲ್ಲಿ ಉಳಿದಿದ್ದ ಯೆಹೂದಿಗಳ ಮನೆಗಳಿಗೆ ಪೊಲೀಸರು ಬಂದರು. ಸ್ವಲ್ಪ ಹೊತ್ತಿನಲ್ಲಿ ಗಂಟು ಕಟ್ಟಿಕೊಳ್ಳಿ ಅಂದರು. ಪಕ್ಕದ ಪ್ರಾಂತದವರೂ ಸೇರಿ ಆರೂವರೆ ಸಾವಿರ ಜನರನ್ನು, ಮುದುಕರು ಮಕ್ಕಳು ಅನ್ನದೆ, ರೈಲಿಗೆ ತುಂಬಿ ಫ್ರಾನ್ಸಿನ ಪಿರನೀಸ್ ಬೆಟ್ಟದ ಬುಡದ ಗುರ್ಸ್ ಶಿಬಿರಕ್ಕೆ ಸಾಗಿಸಿದರು. ಕೆಸರು, ಹಸಿವು, ಕಾಯಿಲೆ. ಬಹಳ ಜನ ಅಲ್ಲೇ ಸತ್ತರು. ಉಳಿದವರಲ್ಲಿ ಹೆಚ್ಚಿನವರನ್ನು 1942ರಿಂದ ಆಷ್‌ವಿಟ್ಸ್‌ಗೆ ಕಳಿಸಿದರು. ಹಾನ್ಸ್‌ನ ಹಿಂದೆ ಹೋದ ಹಾಗೆ ಇವರ ಹಿಂದೆ ಮೇಣದ ಬತ್ತಿ ಹಿಡಿದು ಯಾರೂ ನಡೆದು ಹೋಗಲಿಲ್ಲ.

ವೆಂಕ್‌ಹೈಮಿನ ಆ ಮಂದಿರವನ್ನು ಈಚೆಗೆ ದುರಸ್ತಿ ಮಾಡಿ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಸಂಗೀತ, ಭಾಷಣ ನಡೆಯುತ್ತವೆ. ಹಳೆಯ ಸಂಪ್ರದಾಯದ ಪ್ರಕಾರ ಅಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಯಬೇಕಾದರೆ ಪ್ರಾಯಕ್ಕೆ ಬಂದ ಹತ್ತು ಯೆಹೂದಿ ಗಂಡಸರು ಸೇರಬೇಕು. ಊರಿನಲ್ಲಿ ಆ ಸಮುದಾಯವೇ ಉಳಿದಿಲ್ಲ.